ಮೂರನೇ ಸಂಪುಟದೊಳಗಿನ ಕೂದಲು

ನಮ್ಮ ಭಾವನದು ಕನ್ನಡಕದ ಅಂಗಡಿ. ಊರಿನವರ ಕಣ್ಣನ್ನೆಲ್ಲ ಸರಿಮಾಡುವ ಈ ಮಹಾಶಯರಿಗೇ ಕಾಮಾಲೆ ಕಣ್ಣು, ಕಂಡವರೆಲ್ಲ ಕಳ್ಳರು! ದುಡಿದದ್ದನ್ನೆಲ್ಲ ಹತ್ತೊಂಬತ್ತನೇ ಶತಮಾನದ ಕಾದಂಬರಿಗಳ ಮೊದಲ ಮುದ್ರಣಗಳಿಗೆ ಸುರಿದಿದ್ದಾರೆ. ಓದುವುದಕ್ಕಲ್ಲ, ಬೀರುವಿನಲ್ಲಿಟ್ಟು ಕಾಯುವುದಕ್ಕೆ. ಯಾರಾದರೂ ಮುಟ್ಟಿದರೆ ಗೊತ್ತಾಗಲೆಂದು ಪ್ರತಿ ಪುಸ್ತಕದೊಳಗೂ ಒಂದೊಂದು ಕಪ್ಪು ಕೂದಲು. ಮದುವೆಯಾದ ಹೊಸದರಲ್ಲಿ ನಮ್ಮಕ್ಕನ ಬಾಚಣಿಗೆಯಿಂದ ಬಿಡಿಸಿ ಬೆಂಕಿಪೊಟ್ಟಣದಲ್ಲಿ ಕೂಡಿಟ್ಟಿದ್ದು! ಅದನ್ನು ಕಂಡು ನಕ್ಕಿದ್ದಕ್ಕೆ ನನ್ನ ಮೇಲೂ ಗುಮಾನಿ ಶುರುವಾಯಿತು.

ಮೂರು ಸಂಪುಟದ ಒಂದು ಕಾದಂಬರಿಯ ಕೊನೆಯ ಸಂಪುಟಕ್ಕಾಗಿ ಅವರು ವರ್ಷಗಟ್ಟಲೆ ಅಲೆದಿದ್ದರು. ಅಂತೂ ಸಿಕ್ಕಿತು. ಅದರ ಬೆನ್ನು ಕಿತ್ತುಹೋಗಿದ್ದರಿಂದ ಹಳೆಯ ಗೆಳೆಯ ಬೈಂಡರು ಮನೆಗೇ ಬಂದು ಅಂಟು ಹಾಕಿಕೊಟ್ಟರು. ಹೆಗಲವರೆಗೆ ಬಿಳಿ ಕೂದಲು ಬಿಟ್ಟ ಮನುಷ್ಯ. ಇಂಥ ಪುಸ್ತಕಗಳನ್ನು ಜನ ಅವರ ಕೈಗೆ ಕೊಡುವುದು ಬರೀ ನಂಬಿಕೆಯ ಮೇಲೆ. ಹೆಸರು ಕೆಟ್ಟರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ.

ಮುಂದಿನ ಭಾನುವಾರ ಭಾವ ಆ ಸಂಪುಟ ತೆರೆದವರೇ ಚೀರಿದರು.

“ಕಪ್ಪು ಕೂದಲು ಇಟ್ಟಿದ್ದೆ, ಬಿಳೀದು ಬಂದಿದೆ! ಅಂಟು ಒಣಗಿದ್ಯಾ ನೋಡ್ತೀನಿ ಅಂತ ಮೊನ್ನೆ ಬಂದಿದ್ನಲ್ಲ ಬೈಂಡರು, ಅವನದೇ ಇದು! ಒಳಗಿನ ಹಾಳೆ ಹಾರಿಸಿ ನಕಲಿ ಸೇರಿಸಿರ್ತಾನೆ!”

“ಭಾವ, ಸುಮ್ನೆ ಅವರ ಮೇಲೆ ಗೂಬೆ ಕೂರಿಸ್ಬೇಡಿ.”

“ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕಮ್ಮ ಹೆಗಲು ಮುಟ್ಟಿ ನೋಡ್ಕೋತೀಯ?”

ನನಗೆ ಮೈಯೆಲ್ಲ ಉರಿದುಹೋಯಿತು. ಭಾವ ಭೂತಗನ್ನಡಿ ಹಿಡಿದು ಆ ಕೂದಲನ್ನು ಮತ್ತೊಮ್ಮೆ ನೋಡಿದರು. ಪುಸ್ತಕ ಕೂಡಿಡುವ ಗೆಳೆಯರಿಗೆಲ್ಲ ಈಗಲೇ ಹೇಳಿ ಅವನ ಮಾನ ಕಳೆಯುತ್ತೇನೆಂದು ಫೋನು ಎತ್ತಿಕೊಂಡರು.

ಅಡುಗೆಮನೆಯಿಂದ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು.

“ಫೋನ್ ಇಡಿ. ಅದು ನನ್ನ ಕೂದಲು. ಮೊದಲೆರಡು ಭಾಗ ಯಾವತ್ತೋ ಕದ್ದು ಓದಿದ್ದೆ. ಆ ಹುಡುಗಿ ಕಥೆ ಏನಾಯ್ತೋ ಅಂತ ಇಷ್ಟು ವರ್ಷ ಜೀವ ಹಿಡ್ಕೊಂಡಿದ್ದೆ. ಓದೋವಾಗ ನೀವಿಟ್ಟಿದ್ದ ಕೂದಲು ಎಲ್ಲೋ ಬಿದ್ಹೋಯ್ತು. ನಂದೊಂದು ಕಿತ್ತಿಟ್ಟೆ.”

“ಅವನನ್ನ ಉಳಿಸೋಕೆ ನೀನ್ಯಾಕೆ ಸುಳ್ಳು ಹೇಳ್ತೀಯೇ? ನಿನ್ನ ಕೂದಲು ಕಪ್ಪಲ್ವಾ!”

ನನಗೆ ಅಳು ಬಂತು. ಅಕ್ಕ ಅಳಲಿಲ್ಲ. ತುರುಬಿಗೆ ಕೈಹಾಕಿ ಬಿಚ್ಚಿದಳು. ಬೆನ್ನ ತುಂಬ ಬಿಳಿ.

ಭಾವ ಫೋನು ಕೆಳಗಿಟ್ಟರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡು ಮತ್ತೆ ನೋಡಿದರು.

“ಯಾವಾಗ ಹೀಗಾಯ್ತು?”

“ನೀವು ಮೂರನೇ ಸಂಪುಟ ಹುಡುಕ್ತಿದ್ರಲ್ಲ, ಆವಾಗ,” ಅಂದಳು ಅಕ್ಕ.