ತಲೆಕೆಳಗಾದ ಹನ್ನೊಂದು ಪುಟ

ಪರ್ಪೆಚುವಾ ಆಂಟಿ ಮಂಗಳೂರಿನವರು, ವಯಸ್ಸು ಐವತ್ತೆಂಟು. ದೋಹಾದ ನಮ್ಮ ಸ್ಕ್ಯಾನಿಂಗ್ ಕಚೇರಿಯಲ್ಲಿ ಹಳೆಯ ಹಸ್ತಪ್ರತಿಗಳ ಪುಟ ತಿರುಗಿಸುವುದು ಅವರ ಕೆಲಸ. ಹುಳ ತಿಂದ ಹಾಳೆಯೂ ಅವರ ಬೆರಳಿಗೆ ಹರಿಯುತ್ತಿರಲಿಲ್ಲ. ಓದಬೇಡಿ, ತಿರುಗಿಸಿದರೆ ಸಾಕು ಎಂಬುದು ಕಚೇರಿಯ ನಿಯಮ. ಆಂಟಿ ಎಂಥ ವಕ್ರ ಅಕ್ಷರವನ್ನೂ ಬಿಡದೆ ಓದುತ್ತಿದ್ದರು. ಅವರು ತೆಗೆದ ಪುಟಗಳ ಚಿತ್ರಗಳನ್ನು ಪುಸ್ತಕದ ವಿವರಪಟ್ಟಿಯೊಂದಿಗೆ ತಾಳೆ ನೋಡಿ ಸಹಿ ಹಾಕುವವಳು ನಾನು, ಮೈಸೂರಿನ ಗಾನವಿ.

ಕಳೆದ ಚಳಿಗಾಲ ಒಬ್ಬ ಸಂಗ್ರಾಹಕರಿಂದ ಇಂಗ್ಲಿಷ್ ಪುಸ್ತಕವೊಂದು ಬಂತು. ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಒಂದು ಮನೆಯ ಹೆಂಗಸರು, ತಾಯಿಯ ನಂತರ ಮಗಳು ಎಂಬಂತೆ, ಕೈಯಲ್ಲಿ ಬರೆದಿಟ್ಟದ್ದು. ಪಟ್ಟಿಯಲ್ಲಿ 'ಅಡುಗೆ ಮತ್ತು ಮನೆಮದ್ದು' ಎಂದಷ್ಟೇ ಇತ್ತು.

ಆಂಟಿ ಅದನ್ನು ತಪ್ಪು ಕಡೆಯಿಂದ ತೆರೆದರು. ಹನ್ನೊಂದು ವರ್ಷ ಅರಬಿ ಪುಸ್ತಕಗಳನ್ನೇ ಬಲಗಡೆಯಿಂದ ತೆರೆದ ಕೈ, ಅಭ್ಯಾಸ ಬಿಡುತ್ತದೆಯೇ? ಹಿಂದಿನ ರಟ್ಟು ಎತ್ತಿದರೆ ತಲೆಕೆಳಗಾದ ಬರಹ ಕಂಡಿತು. ಪುಸ್ತಕ ತಿರುಗಿಸಿಟ್ಟು ಓದಿದರು. ಒಂದೊಂದು ಪುಟದ ಚಿತ್ರವನ್ನೂ ತೆಗೆದು, ನನ್ನನ್ನು ಕರೆದು ತೋರಿಸಿದರು.

ಯಾರ ಕಣ್ಣಿಗೂ ಬೀಳದಂತೆ ಆ ಮನೆಯ ಮಗಳು ಅಲ್ಲಿ ಹನ್ನೊಂದು ಪುಟ ಬರೆದಿದ್ದಳು. ಅವಳ ಹಸುಗೂಸು ನಿದ್ದೆಯಿಲ್ಲದೆ ಅಳುತ್ತಿತ್ತಂತೆ. ತಾಯಿ ಬರೆದಿಟ್ಟಿದ್ದ, ಅಫೀಮಿನ ಅಮಲಿರುವ ಗಸಗಸೆ ಕಾಯಿಯ ಪಾಕವನ್ನು ಕೈಯಾರೆ ಕುಡಿಸಿದಳಂತೆ. ಮಲಗಿದ ಮಗು ಏಳಲಿಲ್ಲ. ಮುಂಭಾಗದಲ್ಲಿ ಅದೇ ಪಾಕದ ಪಕ್ಕ ತಾಯಿಯ ಅಕ್ಷರದಲ್ಲಿ 'ಕೊಟ್ಟು ನೋಡಿದ್ದೇನೆ, ಒಳ್ಳೆಯದು' ಎಂದಿದೆ.

ಮೇಲ್ವಿಚಾರಕ ರಾಕೇಶ್‌ಗೆ ಇದೆಲ್ಲ ಬೇಕಿರಲಿಲ್ಲ. "ಪಟ್ಟೀಲಿ ಇಲ್ದೇ ಇರೋದನ್ನ ಸೇರಿಸೋಕೆ ಓನರ್ ಪರ್ಮಿಷನ್ ಬೇಕು. ಅವರು ಫೋನ್ ಎತ್ತಲ್ಲ, ಪುಸ್ತಕ ಇವತ್ತೇ ವಾಪಸ್ ಹೋಗ್ಬೇಕು. ಮುಂದಿನ ರಟ್ಟಿನಿಂದ ಸ್ಕ್ಯಾನ್ ಮಾಡಿ, ಖಾಲಿ ಹಾಳೆ ಬಂದ್ರೆ ಅಲ್ಲಿಗೇ ಖಲಾಸ್."

ಊಟದ ಹೊತ್ತಿಗೆ ಆಂಟಿ ನನ್ನ ಬಳಿ ಬಂದರು. "ಆ ಪುಟಗಳು ಇಲ್ಲದಿದ್ರೆ ನೀನು ಸೈನ್ ಹಾಕ್ಬೇಡ ಮಾರಾಯ್ತಿ. ನನ್ನ ಮಗಳು ಅಗಾತಾಗೆ ಜ್ವರ ಬಂದಾಗ ನಾವು ಇಲ್ಲೇ ಅಲ್ ಖೋರ್ ಊರಲ್ಲಿ ಇದ್ದದ್ದು. ಇವರು ಶಿಫ್ಟಿಗೆ ಹೋಗಿದ್ರು. ಆಸ್ಪತ್ರೆಗೆ ಹೋಗುವ ಅಂತ ಪಕ್ಕದ ಮನೆಯ ಸುಬೈದಾ ಎಷ್ಟು ಹೇಳಿದ್ಲು! ನಮ್ಮ ಅಮ್ಮನ ಕಷಾಯ ಉಂಟಲ್ಲ ಅಂತ ಮೂರು ದಿವಸ ಅದನ್ನೇ ಕುಡಿಸಿದೆ. ನಾಲ್ಕನೇ ದಿವಸ ಮಗು ಹೋಯ್ತು. ಹತ್ತೊಂಬತ್ತು ವರ್ಷ ಆಯ್ತು, ಗಂಡನ ಹತ್ರ ಕೂಡ ಹೇಳ್ಲಿಲ್ಲ ನಾನು. ಈ ಪುಸ್ತಕದವಳು ಬರೆದಿಟ್ಟಿದ್ದಾಳೆ. ಅದನ್ನು ಅಳಿಸ್ಬೇಡಿ."

ಸಹಿ ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಮೂರು ಗಂಟೆಗೆ ರಾಕೇಶ್ ನನ್ನ ಮೇಜಿನ ಪಕ್ಕ ನಿಂತ. "ಯಲ್ಲಾ ಗಾನವಿ, ಬೇಗ ಸೈನ್ ಹಾಕು, ಪುಸ್ತಕ ಒಯ್ಯೋಕೆ ಕೆಳಗೆ ಕಾರ್ ಕಾಯ್ತಿದೆ." ಗದರಲಿಲ್ಲ, ಹೆದರಿಸಲಿಲ್ಲ. ಹಾಗೆ ಮಾಡಿದ್ದರೆ ನನಗೊಂದು ನೆಪವಾದರೂ ಸಿಗುತ್ತಿತ್ತು. ಬೆನ್ನುಮೂಳೆ ಇಲ್ಲದವಳು ನಾನು, ಸಹಿ ಹಾಕಿದೆ. ಆಂಟಿ ತೆಗೆದ ಹನ್ನೊಂದು ಚಿತ್ರಗಳನ್ನು ಅವನು ಅಳಿಸಿದ.

ಈಗ ಆ ಪುಸ್ತಕ ಅಂತರ್ಜಾಲದಲ್ಲಿದೆ. ಗಸಗಸೆ ಪಾಕವಿದೆ, ಒಳ್ಳೆಯದು ಎಂಬ ಮಾತೂ ಇದೆ. ಮಗು ಸತ್ತದ್ದು ಮಾತ್ರ ಎಲ್ಲೂ ಇಲ್ಲ.

ಮರುದಿನ ಆಂಟಿಯ ಮುಂದೆ ನಿಂತೆ. "ನನ್ನಿಂದ ತಪ್ಪಾಯ್ತು ಆಂಟಿ."

ಅವರು ಪುಟದಿಂದ ಕಣ್ಣೆತ್ತಲಿಲ್ಲ. "ನಿನ್ನ ತಪ್ಪೇನಿಲ್ಲ ಬಿಡು. ಮಗುವನ್ನು ಮಣ್ಣು ಮಾಡಿದ ದಿವಸ ಎಲ್ಲರೂ ನನಗೂ ಹೀಗೇ ಹೇಳಿದ್ದು."