ರುಕ್ಮಿಣಿಯ ಹಣೆಯ ಕುಂಕುಮ

ರುಕ್ಮಿಣಿಯ ಗಂಡ ಸತ್ತಿದ್ದಾನೆ ಎಂಬ ಮಾತನ್ನು ಹೊರಗೆ ಹಾಕಿದವಳು ನಾನು. ಬೇರೆ ಯಾರೂ ಅಲ್ಲ. ಆಗ ಮಾರೇನಹಳ್ಳಿಯ ವಠಾರದ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಇದ್ದವರು ಮೂವರು — ಜ್ವರದಲ್ಲಿ ಮಲಗಿದ್ದ ನನ್ನ ಗಂಡ, ಅವರ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ನನ್ನ ಅತ್ತೆ, ಒಲೆಯ ಮುಂದೆ ನಾನು. ಮಟಮಟ ಮಧ್ಯಾಹ್ನ. ಯಾರೂ ನನ್ನನ್ನು ಕೇಳಿರಲಿಲ್ಲ. ನಾನಾಗಿಯೇ ಹೇಳಿದೆ.

ದೇಶಕ್ಕೆ ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ರಾಜಾಜಿನಗರದಲ್ಲಿ ಸೈಟುಗಳಿಗೆ ಇನ್ನೂ ಕಲ್ಲು ನೆಡುತ್ತಿದ್ದರು; ನಮ್ಮ ಕಡೆಯೆಲ್ಲ ರಾಗಿ ಹೊಲ. ವಠಾರದ ಹೆಂಗಸರೆಲ್ಲ ಊದುಬತ್ತಿ ಹೊಸೆಯುವವರು. ಮೇಸ್ತ್ರಿ ಸಿದ್ದಪ್ಪ ಕಡ್ಡಿ, ಇದ್ದಿಲ ಹಿಟ್ಟು ತಂದು ಕೊಡುತ್ತಿದ್ದ. ನಾವು ಮಣೆಯ ಮೇಲೆ ಹೊಸೆದು, ಒಣಗಿಸಿ, ಕಟ್ಟು ಕಟ್ಟಿ ಒಪ್ಪಿಸಬೇಕು. ಒಪ್ಪಿಸುವಾಗ ಕಟ್ಟಿಗೊಂದು ಹಿಡಿ ‘ದೇವರ ಪಾಲು’ ಎಂದು ತೆಗೆದುಕೊಳ್ಳುತ್ತಿದ್ದ. ಅದಕ್ಕೆ ಕೂಲಿ ಇಲ್ಲ. ಅದು ಯಾವ ದೇವರಿಗೂ ಹೋಗುತ್ತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ದೇವರ ಹೆಸರು ಹೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ?

ಇಲ್ಲ ಅನ್ನುವುದನ್ನು ಕಲಿಸಲು ಬಂದವಳು ರುಕ್ಮಿಣಿ. ಅವಳ ತಾಯಿ ಮಾಗಡಿ ಕಡೆಯವರು. ಹುಟ್ಟಿ ಬೆಳೆದದ್ದೆಲ್ಲ ರಂಗೂನಿನಲ್ಲಿ. ಅಲ್ಲಿ ಅಕ್ಕಿ ಗಿರಣಿಯ ಹೆಂಗಸರನ್ನು ಸೇರಿಸಿ ಸಂಘ ಕಟ್ಟಿದ್ದಳಂತೆ. ಅಷ್ಟರಲ್ಲಿ ಬರ್ಮಾದವರು ಬರ್ಮಾದವರ ಮೇಲೆಯೇ ಕೋವಿ ಎತ್ತಿದರು. “ಈ ಕಡೆಯವರು ಬಂದ್ರೆ ನೀವು ಆ ಕಡೆಯವರು ಅಂತ ಹೊಡೆಯೋರು. ಆ ಕಡೆಯವರು ಬಂದ್ರೆ ನೀವು ಈ ಕಡೆಯವರು ಅಂತ. ನಾವು ಕೇಳ್ತಿದ್ದದ್ದು ಬರೀ ಕೂಲಿ ಅಕ್ಕಾ,” ಎಂದು ನಗುತ್ತಿದ್ದಳು. ನಮ್ಮಲ್ಲಿಗೆ ಬಂದಾಗ ಅವಳಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಗಂಡ ಅಲ್ಲೇ ಉಳಿದಿದ್ದಾನೆ, ಬರುತ್ತಾನೆ ಎಂದು ವಠಾರಕ್ಕೆಲ್ಲ ಹೇಳಿದ್ದಳು.

ನನಗೊಬ್ಬಳಿಗೆ ಮಾತ್ರ ನಿಜ ಹೇಳಿದಳು. ಗಂಡನಿಗೆ ಗಿರಣಿಯ ಬಾಗಿಲಲ್ಲೇ ಗುಂಡು ತಗಲಿತ್ತಂತೆ. “ಬೋಳು ಹಣೇಲಿ ಬಂದಿದ್ರೆ ನಿಮ್ಮಲ್ಲಿ ಯಾರು ನನ್ನ ಒಳಗೆ ಕರೀತಿದ್ರು ಹೇಳಿ?” ಎಂದು ಕೇಳಿದಳು.

ಸಭೆ ಎಂದರೆ ಮನೆಯ ಗಂಡಸರು ಬಿಡುತ್ತಿರಲಿಲ್ಲ. ಅದಕ್ಕೇ ಅವಳು ಶುಕ್ರವಾರದ ಅರಿಶಿನ-ಕುಂಕುಮ ಹೂಡಿದಳು. ಅದಕ್ಕೆ ಬೇಡ ಎನ್ನುವ ಗಂಡಸು ಯಾರಿದ್ದಾನೆ? ಒಂದು ಶುಕ್ರವಾರ ಸಿದ್ದಪ್ಪ ಬಾಗಿಲಲ್ಲಿ ಇಣುಕಿದ. “ಬನ್ನಿ ಮೇಸ್ತ್ರಿ, ನಿಮಗೂ ಒಂಚೂರು ಅರಿಶಿನ ಹಚ್ತೀವಿ, ಕೆನ್ನೆ ಕೊಡಿ!” ಎಂದರು ಯಾರೋ. ಓಡಿಯೇ ಹೋದ. ಆ ನಗು — ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅಂದೇ ಅವಳು ಒಬ್ಬೊಬ್ಬರ ಹಣೆಗೂ ಕುಂಕುಮ ಇಡುತ್ತಾ ಮೆಲ್ಲಗೆ ಹೇಳುತ್ತಿದ್ದಳು: “ಸೋಮವಾರ ಹಿಡಿ ಕೊಡಲ್ಲ. ಕೇಳಿದ್ರೆ, ದೇವರಿಗೆ ನಮ್ಮ ಕೈಯಾರೆ ಹಚ್ತೀವಿ ಅನ್ನಿ.” ಎಲ್ಲರೂ ಹ್ಞೂಂ ಅಂದರು. ನಾನೇ ಮೊದಲು ಅಂದೆ.

ಮರುದಿನ ಇವರಿಗೆ ಜ್ವರ ಏರಿತು. ಮೈ ಕೆಂಡ. ಅತ್ತೆ ಏನೇನೋ ಹರಕೆ ಹೊರುತ್ತಿದ್ದರು. ನನ್ನ ತಲೆಯಲ್ಲಿ ಒಂದೇ ಮಾತು — ಗಂಡ ಸತ್ತವಳ ಕೈಯಿಂದ, ಗೊತ್ತಿದ್ದೂ ಗೊತ್ತಿದ್ದೂ, ನಾನು...

“ಅತ್ತೆ, ರುಕ್ಮಿಣಿ ಗಂಡ ಇಲ್ಲ. ಸತ್ತು ಎಷ್ಟೋ ಕಾಲ ಆಯ್ತು.”

“ಅಯ್ಯೋ ಮುಂಡೇದೇ! ಮುಂಡೆ ಕೈಲಿ ಕುಂಕುಮ ಇಡಿಸ್ಕೊಂಡು ಬಂದ್ಯಾ?”

ಅತ್ತೆ ಬಿಂದಿಗೆ ಎತ್ತಿಕೊಂಡು ನೇರ ಬಾವಿಗೆ ಹೋದರು. ಮನೆಯಲ್ಲಿ ನೀರಿತ್ತು; ಹೆಂಗಸರಿದ್ದದ್ದು ಬಾವಿಕಟ್ಟೆಯಲ್ಲಿ. ನಾನು ತಡೆಯಲಿಲ್ಲ.

ಭಯ ಒಂದೇ ಆಗಿದ್ದರೆ ಇಷ್ಟು ವರ್ಷ ಇದು ನನ್ನನ್ನು ಹೀಗೆ ಕೊರೆಯುತ್ತಿರಲಿಲ್ಲವೇನೋ. ರುಕ್ಮಿಣಿ ಬರುವ ಮುಂಚೆ ಹೆಂಗಸರು ಮಣೆ ಎತ್ತಿಕೊಂಡು ಬಂದು ಕೂರುತ್ತಿದ್ದದ್ದು ನನ್ನ ಜಗಲಿಯ ಮೇಲೆ, ನನ್ನ ಕಥೆ ಕೇಳಲು. ಆಮೇಲೆ ಅವಳ ಬಾಗಿಲಿಗೆ... ಅದೂ ಇತ್ತು. ಬರೆದುಬಿಡುತ್ತೇನೆ, ಅದೂ ಇತ್ತು. ಕುಂಕುಮವನ್ನೇ ಮುಟ್ಟದ ಪಕ್ಕದ ಫಾತಿಮಾಬೀ ಮನೆಯಲ್ಲೂ ಅದೇ ವಾರ ಅದೇ ಜ್ವರ ಬಂದಿತ್ತು. ಅದು ನನ್ನ ಕಣ್ಣಿಗೆ ಬೀಳಲಿಲ್ಲವೆಂದಲ್ಲ.

ಸೋಮವಾರ ಬೆಳಗ್ಗೆ ಬಾವಿಕಟ್ಟೆಯಲ್ಲಿ ಹೆಂಗಸರು ಹಣೆ ತಿಕ್ಕಿ ತಿಕ್ಕಿ ತೊಳೆದರು, ಆಗಲೇ ಅಳಿಸಿಹೋಗಿದ್ದ ಕುಂಕುಮವನ್ನು. ಆಮೇಲೆ ಕಟ್ಟು ಹೊತ್ತು ಸಿದ್ದಪ್ಪನ ಮುಂದೆ ಸಾಲು ನಿಂತರು. ರುಕ್ಮಿಣಿ ಓಡಿ ಬಂದಳು.

“ನಿನ್ನ ಗಂಡ ಇದಾನಾ, ಇಲ್ವಾ? ಅದನ್ನ ಮೊದ್ಲು ಬೊಗಳು!” ಎಂದಳೊಬ್ಬಳು.

“ಇಲ್ಲ,” ಎಂದಳು. ಸುಳ್ಳು ಹೇಳಬಹುದಿತ್ತು. ನನ್ನ ಕಡೆ ತಿರುಗಿದಳು — ಅನುಮಾನದಿಂದಲ್ಲ, ಆಸರೆಗೆ. “ಅಕ್ಕಾ, ನೀವಾದ್ರೂ ಹೇಳಿ. ಹಿಡಿ ಕೊಡ್ಬೇಡಿ ಅಂದಿದ್ದು ನಾನಾ, ನನ್ನ ಗಂಡನಾ?”

ನಾನು ಕಟ್ಟು ಹೊತ್ತು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದೆ. ನನ್ನ ಸರದಿ ಬಂತು. ಸಿದ್ದಪ್ಪ ನನ್ನ ಕಟ್ಟಿನಿಂದ ಒಂದು ಹಿಡಿ ತೆಗೆದ. ನನ್ನ ಮುಖ ನೋಡಿ ಇನ್ನೊಂದು ಹಿಡಿ ತೆಗೆದ. ಅಂದಿನಿಂದ ಎಲ್ಲರಿಗೂ ಎರಡು ಹಿಡಿ.

ಎರಡು ದಿನದಲ್ಲಿ ವಠಾರದವರು ಅವಳ ಮನೆ ಬಿಡಿಸಿದರು. ಹೊರಡುವಾಗ ಅವಳೇ ನನಗೆ ಸಮಾಧಾನ ಹೇಳಿದಳು: “ರಂಗೂನಿಂದ ಬಂದವರು ಯಾರೋ ಹೇಳಿರ್ಬೇಕು, ಬಿಡಿ. ನೀವ್ಯಾಕೆ ಅಳ್ತೀರಾ?” ನಾನು ಕಣ್ಣೊರೆಸಿಕೊಂಡು ಅವಳ ಗಂಟು ಎತ್ತಿ ಕೊಟ್ಟೆ.

ಮೂರ್ನಾಲ್ಕು ವರ್ಷದ ಮೇಲೆ, ಅವಳು ಕೆಂಗೇರಿಯಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಇದ್ದಾಳೆಂದು ತಿಳಿದು, ಹೇಳಿಬಿಡಬೇಕೆಂದೇ ಹೋದೆ. ಶೆಡ್ಡಿನ ಹೊರಗೆ ಬುತ್ತಿ ಬಿಚ್ಚಿ ಕುಳಿತ ಹೆಂಗಸರ ನಡುವೆ ಏನೋ ಹೇಳುತ್ತಿದ್ದಳು. ಹಣೆ ಬರಿದಾಗಿತ್ತು. ಎಲ್ಲರೂ ಕೇಳುತ್ತಿದ್ದರು. ನನ್ನನ್ನು ಕಂಡವಳೇ ಎದ್ದು ಬಂದು ಕೈ ಹಿಡಿದಳು.

“ಅಕ್ಕಾ! ಭಾವಂಗೆ ಆ ಜ್ವರ ಪೂರ್ತಿ ವಾಸಿ ಆಯ್ತಾ? ಹೊರಡೋ ಗಡಿಬಿಡೀಲಿ ಬಂದು ನೋಡ್ಲೂ ಇಲ್ಲ ನಾನು.”

“ಆಯ್ತು ಕಣೇ,” ಎಂದೆ.

ನೀರು ಕೊಟ್ಟಳು, ಕುಡಿದೆ. ಬಸ್ಸು ಬಂತು. ಹತ್ತಿ ಕುಳಿತೆ.