ಅಕ್ಕನ ಹೆಸರಿನ ಹಾಡು

ಐವತ್ತರ ದಶಕದ ಕೊನೆಯಲ್ಲಿ ನಾವು ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪನಿಗೆ ಸ್ಟೇಷನ್ನಿನಲ್ಲಿ ಕೆಲಸ. ಮನೆಯಲ್ಲಿ ರೇಡಿಯೋ ಇರಲಿಲ್ಲ. ಎದುರಿನ ಹೋಟೆಲಿನದೇ ನಮಗೂ ಸಾಕಾಗುತ್ತಿತ್ತು. ಅಕ್ಕನೂ ನಾನೂ ಕಿಟಕಿಯ ಬಳಿ ಕೂತು ಹೆಂಗಸರ ಹೆಸರಿನ ಹಾಡುಗಳನ್ನು ಹಿಡಿಯುತ್ತಿದ್ದೆವು. ಹಾಡಿನ ಮೊದಲ ಮಾತಿನಲ್ಲೇ ಒಬ್ಬಳ ಹೆಸರಿರಬೇಕು, ಅದು ನಮ್ಮ ನಿಯಮ. ದೇವರ ಹಾಡುಗಳು ನಡೆಯುವುದಿಲ್ಲ, ದೇವಿಯರಿಗೆ ಹಾಡಿಗೇನು ಬರ. ಕನ್ನಡ, ತಮಿಳು, ತೆಲುಗು, ಹಿಂದಿ ಯಾವುದಾದರೂ ಸರಿ. ಅರ್ಥ ಯಾರಿಗೆ ಬೇಕಿತ್ತು?

ಅಕ್ಕನ ಹೆಸರಿನದೊಂದು ಹಾಡಿತ್ತು. ಅದು ಬಂದರೆ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು, ಜಡೆ ಮುಂದಕ್ಕೆ ಹಾಕಿಕೊಂಡು, ಯಾರೋ ನೋಡಲು ಬಂದ ಹಾಗೆ ನೆಟ್ಟಗೆ ನಿಲ್ಲುತ್ತಿದ್ದಳು. ನನ್ನ ಹೆಸರಿನ ಮೇಲೆ ಯಾರೂ ಹಾಡು ಕಟ್ಟಿರಲಿಲ್ಲ. "ನಿನ್ನ ಹೆಸರು ಯಾವ ರಾಗಕ್ಕೂ ಕೂರಲ್ಲ ಕಣೆ" ಎಂದು ಅವಳು ನಗುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಈಗ ಅದನ್ನು ಮುಚ್ಚಿಟ್ಟು ಆಗಬೇಕಾದದ್ದೇನೂ ಇಲ್ಲ.

ರಾಜಾನುಕುಂಟೆಯ ಬೇಸಾಯದ ಮನೆಯೊಂದರಿಂದ ಅವಳಿಗೆ ಸಂಬಂಧ ಬಂತು. ಎಲೆ ಅಡಿಕೆ ಬದಲಾಯಿಸಿಕೊಂಡ ದಿನ ಗಂಡಿನ ತಾಯಿ ಒಂದು ಮಾತೆತ್ತಿದರು. ಅವರದೂ ಅಕ್ಕನದೂ ಒಂದೇ ಹೆಸರು. ಆ ಮನೆಯಲ್ಲಿ ಸೊಸೆ ಅತ್ತೆಯ ಹೆಸರನ್ನು ಬಾಯಲ್ಲಿ ಆಡುವಂತೆಯೇ ಇಲ್ಲ. ಇನ್ನು ಇಟ್ಟುಕೊಳ್ಳುವ ಮಾತೆಲ್ಲಿ ಬಂತು.

"ನಮ್ಮ ಯಜಮಾನ್ರು ಸೊಸೇನ ಎಂಡ್ತಿ ಎಸರಿಡಿದು ಕೂಗಾಕಾಯ್ತದಾ?" ಎಂದು ಅವರು ನಕ್ಕರು. ಎಲ್ಲರೂ ನಕ್ಕರು. ಆಮೇಲೆ ಕಾಫಿ ತಂದು ನಿಂತಿದ್ದ ನನ್ನನ್ನು ನೋಡಿ, "ಓದೋ ಉಡುಗಿ, ನೀನೇ ಒಂದು ಒಳ್ಳೆ ಎಸರು ಯೋಳವ್ವ" ಎಂದರು.

ನನಗೆ ಹನ್ನೆರಡು ವರ್ಷ. ಚೆನ್ನಾಗಿ ಯೋಚಿಸಿಯೇ ಹೇಳಿದೆ. ನಮಗೆ ಗೊತ್ತಿದ್ದ ಹಾಡುಗಳನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ಹಾದುಹೋಗಿ, ಯಾವ ಹಾಡಿನಲ್ಲೂ ಇಲ್ಲದ ಒಂದು ಹೆಸರನ್ನು ಆರಿಸಿದೆ. "ಚೆಂದಾಗೈತೆ" ಎಂದರು. ಒಳಗಿನ ಕೋಣೆಯಲ್ಲಿ ಕೂತಿದ್ದ ಅಕ್ಕನನ್ನು ಯಾರೂ ಕೇಳಲಿಲ್ಲ. ನನಗಂತೂ ಕಷ್ಟವೇನಾಗಲಿಲ್ಲ, ಮೊದಲೂ ಅಕ್ಕ ಎನ್ನುತ್ತಿದ್ದೆ, ಆಮೇಲೂ ಅಕ್ಕ ಎಂದೇ ಕರೆದೆ.

ಮದುವೆಯಾದ ವರ್ಷ ಗೌರಿ ಹಬ್ಬಕ್ಕೆ ಅವಳು ತವರಿಗೆ ಬಂದಳು. ಬಿಟ್ಟುಹೋಗಲು ಅತ್ತೆಯೂ ಬಂದಿದ್ದರು. ಹೋಟೆಲಿನ ರೇಡಿಯೋದಲ್ಲಿ ಆ ಹಾಡು ಶುರುವಾಯಿತು. "ಅಕ್ಕ, ನಿನ್ನ ಹಾಡು!" ಎಂದು ಕೂಗಿಬಿಟ್ಟೆ. ಅವಳು ಒಮ್ಮೆ ಅತ್ತೆಯ ಕಡೆ ನೋಡಿ, ಎದ್ದು ಹೋಗಿ ಕಿಟಕಿ ಮುಚ್ಚಿದಳು. ಮುಚ್ಚಿದರೂ ಹಾಡು ಕೇಳುತ್ತಲೇ ಇತ್ತು. ಅವಳು ಮತ್ತೆ ಹೋಳಿಗೆ ತಟ್ಟಲು ಕೂತಳು.

ಆಮೇಲೆ ಹಾಡು ಹಿಡಿಯುವುದನ್ನು ಬಿಟ್ಟೆ. ರೇಡಿಯೋ ತನ್ನ ಪಾಡಿಗೆ ಹಾಡುತ್ತಿತ್ತು, ನಾನು ಪಾತ್ರೆ ತೊಳೆಯುತ್ತಿದ್ದೆ. ಹೆಸರು ಆರಿಸಿದ್ದು ನಾನೆಂದು ಅಕ್ಕನಿಗೆ ಗೊತ್ತಿತ್ತು. ಅದನ್ನೇ ಏಕೆ ಆರಿಸಿದೆನೆಂದು ಗೊತ್ತಿರಲಿಲ್ಲ. ಹೇಳಿ ಕ್ಷಮೆ ಕೇಳಬೇಕು, ಈ ಹಬ್ಬಕ್ಕೆ, ಮುಂದಿನ ಹಬ್ಬಕ್ಕೆ ಎನ್ನುತ್ತ ವರ್ಷಗಳು ಹೋದವು. ನನ್ನ ಮದುವೆಯೂ ಆಯಿತು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಆ ಅತ್ತೆ ತೀರಿಕೊಂಡರು. ತಿಂಗಳು ಕಳೆದ ಮೇಲೆ ಬಸ್ಸು ಹತ್ತಿ ರಾಜಾನುಕುಂಟೆಗೆ ಹೋದೆ. ಇನ್ನು ಆ ಹೆಸರಿಗೆ ಅಡ್ಡಿ ಹೇಳುವವರಿಲ್ಲ, ಇವತ್ತು ಹೇಳಿಯೇಬಿಡಬೇಕು ಎಂದುಕೊಂಡಿದ್ದೆ. ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಜೊತೆಗೆ ಕೂತೆ. ಎಲ್ಲಿಂದ ಶುರು ಮಾಡುವುದೋ ತಿಳಿಯದೆ, ಮಾತಿಗೆ ದಾರಿಯಾಗಲಿ ಎಂದು ಮೆಲ್ಲಗೆ ಆ ಹಾಡನ್ನು ಗುನುಗಿದೆ.

ಅಕ್ಕನ ಕೈ ನಿಂತಿತು. ಕಣ್ಣು ತುಂಬಿಬಂತು. ಮರೆತಿಲ್ಲವಲ್ಲ ಎಂದು ನನಗೆ ಎಷ್ಟೋ ವರ್ಷಗಳ ಮೇಲೆ ಎದೆ ಹಗುರವಾಯಿತು.

"ನಮ್ಮತ್ತೆ ಎಸರಿನ ಆಡು ಕಣೆ ಅದು" ಎಂದಳು. "ಪಾಪ, ಇರೋಗಂಟ ಒಂದಿನಾನೂ ಅವ್ರಿಗೆ ಕೇಳುಸ್ಲಿಲ್ಲ. ಇನ್ನೊಂದ್ಸಲ ಯೋಳು."

ಪೂರ್ತಿ ಹಾಡಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳಿದಳು. ನಾನು ಯಾರ ಕ್ಷಮೆ ಕೇಳಲು ಬಂದಿದ್ದೆನೋ ಅವಳು ಆ ಮನೆಯಲ್ಲಿರಲಿಲ್ಲ.